ಎಂಟು ಗೆರೆಯ ಅಂಜಿನಮ್ಮ

ಬೆಂಗಳೂರಿನ ಹತ್ತಿರದ ವಿಜಯಪುರದಲ್ಲಿ ಅಂಜಿನಮ್ಮನ ಹೆಸರು ಎತ್ತಿದರೆ ಸಾಕು, ನಾಲ್ಕೈದು ವರ್ಷ ಕಳೆದ ಮೇಲೂ ಒಬ್ಬರಲ್ಲ ಒಬ್ಬರು, "ಗಂಡನಿಗೆ ಸೂಜಿ ಹೆಚ್ಚಾಗಿ ಚುಚ್ಚಿ ಸಾಯಿಸೋಕೆ ಹೋಗಿದ್ಲಲ್ಲ, ಅವಳಾ?" ಎನ್ನುತ್ತಾರೆ. ಎಲೆ ಅಡಿಕೆ ಹಾಕಿಕೊಂಡು ಆಡುವ ಮಾತಿಗೆ ಖರ್ಚೇನು! ಅವಳು ಸೂಜಿ ಹೆಚ್ಚಾಗಿ ಚುಚ್ಚಲಿಲ್ಲ. ಒಂದು ಕೂದಲೆಳೆಯಷ್ಟೂ ಹೆಚ್ಚು ಚುಚ್ಚಲಿಲ್ಲ. ಹಾಗೆ ಹೇಳಿದವರು ಒಬ್ಬ ಓದಿದ ಡಾಕ್ಟರು, ನಂಬಿದ್ದು ಇಡೀ ಊರು, ಗೊತ್ತಿದ್ದೂ ಸುಮ್ಮನಿದ್ದದ್ದು ಅವಳು ಕಟ್ಟಿಕೊಂಡ ಗಂಡ. ಬೈಯುವುದಿದ್ದರೆ ಆ ಮೂವರನ್ನು ಬೈಯಬೇಕು.

ಅಂಜಿನಮ್ಮ ಒಂಬತ್ತನೇ ವಯಸ್ಸಿಗೇ ರೇಷ್ಮೆ ನೂಲು ಬಿಚ್ಚಲು ಕೂತವಳು. ಕುದಿಯುವ ಬಾಣಲೆಯಲ್ಲಿ ಗೂಡುಗಳು ತೇಲುತ್ತಿರುತ್ತವೆ. ಅವುಗಳ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ, ಏಳೆಂಟು ಎಳೆ ಸೇರಿಸಿ, ಒಂದೇ ನೂಲಾಗಿ ಚರಕಕ್ಕೆ ಕೊಡಬೇಕು. ಒಂದು ಎಳೆ ಕಡಿಮೆಯಾದರೂ ನೂಲು ತೆಳ್ಳಗಾಗುತ್ತದೆ, ಒಂದು ಹೆಚ್ಚಾದರೂ ದಪ್ಪವಾಗುತ್ತದೆ. ಕಣ್ಣು ಬೇರೆ ಕಡೆ ಇದ್ದರೂ ಅವಳ ಬೆರಳಿಗೆ ಅದು ತಿಳಿಯುತ್ತಿತ್ತು. ಬಿಸಿನೀರಿನಲ್ಲಿ ಬೆಂದು ಬೆಂದು ಬೆರಳ ತುದಿಗಳು ಬಿಳಿಚಿಕೊಂಡಿದ್ದವು, ಆದರೆ ಚುರುಕು ಹೋಗಿರಲಿಲ್ಲ. ಅವಳ ಗಂಡ ಗೋಪಾಲಪ್ಪ ಎದುರಿಗೆ ಕೂತು ಚರಕ ತಿರುಗಿಸುತ್ತಿದ್ದ. ಯುದ್ಧದ ದಿನಗಳು, ಪ್ಯಾರಾಚೂಟಿಗೆ ಅಂತ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ. ಗಂಡ ಹೆಂಡತಿ ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಆ ಕೊಟ್ಟಿಗೆಯಲ್ಲೇ.

ಅಂಥ ಗಟ್ಟಿ ಆಳು ಗೋಪಾಲಪ್ಪ ಒಂದು ಬೇಸಿಗೆಯಲ್ಲಿ ಸೊರಗಿ ಕಡ್ಡಿಯಾದ. ಗಡಿಗೆಗಟ್ಟಲೆ ನೀರು ಕುಡಿದರೂ ದಾಹ ತೀರದು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರೆ ಸಕ್ಕರೆ ಕಾಯಿಲೆ ಎಂದರು. ಬದುಕಿರುವವರೆಗೂ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕು ಎಂದರು. ಸೂಜಿ ನೋಡಿದರೆ ಗೋಪಾಲಪ್ಪನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಅಣ್ಣ ಪಿಳ್ಳಣ್ಣ ಅಕ್ಷರ ಬಲ್ಲವನು, ಮನೆಯ ಯಜಮಾನ, ಆದರೆ ಅವನೂ ಹಿಂದೆ ಸರಿದ. ಉಳಿದವಳು ಅಂಜಿನಮ್ಮ.

ಹನ್ನೆರಡು ದಿನ ಅಲ್ಲೇ ಉಳಿದು ಕಲಿತಳು. ನರ್ಸಮ್ಮ ಮೊದಲು ಹೀರೇಕಾಯಿಗೆ ಚುಚ್ಚಿಸಿದರು, ಆಮೇಲೆ ಗಂಡನ ತೊಡೆಗೆ. ಸಿರಿಂಜಿನ ಮೇಲಿನ ಅಂಕಿ ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಗೆರೆ ಎಣಿಸಲು ಬರುತ್ತಿತ್ತು. ಬೆಳಿಗ್ಗೆ ಎಂಟು ಗೆರೆ, ಸಂಜೆ ಐದು. "ಇವಳ ಕೈ ನನ್ನ ಕೈಗಿಂತ ಸ್ಥಿರ" ಎಂದು ನರ್ಸಮ್ಮನೇ ಹೇಳಿದರು. ಹೊರಡುವ ದಿನ ಮತ್ತೆ ಕೂರಿಸಿಕೊಂಡು ಹೇಳಿದರು. ಸೂಜಿ ಚುಚ್ಚಿದ ಮೇಲೆ ಊಟ ತಪ್ಪಬಾರದು. ಬೆವರು, ಕೈ ನಡುಕ, ವಿಪರೀತ ಹಸಿವು ಬಂದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ ಎಂದರ್ಥ, ತಕ್ಷಣ ಬೆಲ್ಲ ಕೊಡಬೇಕು. ಡಾಕ್ಟರನ್ನು ಕೇಳದೆ ಗೆರೆ ಹೆಚ್ಚು ಕಡಿಮೆ ಮಾಡಬಾರದು. ಬೇರೆ ಯಾವ ಔಷಧಿ ಹೊಟ್ಟೆಗೆ ಹೋಗುವುದಿದ್ದರೂ ಕೊಡುವವರಿಗೆ ಸೂಜಿಯ ವಿಷಯ ಮೊದಲು ತಿಳಿಸಬೇಕು.

ಅಂಜಿನಮ್ಮ ಅದನ್ನು ಅಕ್ಷರಶಃ ಪಾಲಿಸಿದಳು. ಇನ್ಸುಲಿನ್ ಸೀಸೆಯನ್ನು ಒದ್ದೆ ಮರಳು ತುಂಬಿದ ಮಡಕೆಯಲ್ಲಿಟ್ಟಳು. ಸಿರಿಂಜು ಕುದಿಸಲು ಬೇರೆ ಪಾತ್ರೆ, ಅದಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಸೂಜಿ ಚುಚ್ಚುವ ಹೊತ್ತಿಗೆ ಒಲೆಯ ಮೇಲೆ ಮುದ್ದೆ ಸಿದ್ಧ. ಹೀಗೆ ಒಂದು ವರ್ಷದ ಮೇಲಾಯಿತು. ಗೋಪಾಲಪ್ಪ ಮೈ ತುಂಬಿಕೊಂಡು ಮತ್ತೆ ಚರಕಕ್ಕೆ ಕೂತ. ಆಗ ಒಬ್ಬರೂ ಅವಳನ್ನು ಹೊಗಳಲಿಲ್ಲ. ಹೆಂಗಸು ಗಂಡನ ಜೀವ ಉಳಿಸಿದರೆ ಅದು ಅವಳ ಕರ್ತವ್ಯ, ಆಗಬಾರದ್ದು ಆದರೆ ಅವಳ ಅಪರಾಧ. ಊರಿನ ನ್ಯಾಯ ಇಷ್ಟೇ.

ಸಾವಿರದ ಒಂಬೈನೂರ ನಲವತ್ತನಾಲ್ಕರ ಶ್ರಾವಣದಲ್ಲಿ ಗೋಪಾಲಪ್ಪನ ಮಂಡಿಗಳು ಊದಿಕೊಂಡವು. ಜೊತೆಗೆ ಜ್ವರ. ಊರಿಗೆ ಹೊಸದಾಗಿ ಬಂದು ಶಾಪು ತೆರೆದಿದ್ದ ಡಾಕ್ಟರ ಹತ್ತಿರ ಪಿಳ್ಳಣ್ಣ ಅವನನ್ನು ಗಾಡಿಯಲ್ಲಿ ಕರೆದುಕೊಂಡು ಹೋದ. ಬರುವಾಗ ಕೈಯಲ್ಲಿ ಒಂದು ಬಾಟ್ಲು. ಖಾಲಿ ಬಾಟ್ಲನ್ನು ಮನೆಯಿಂದಲೇ ಕೊಂಡುಹೋಗುವುದು ಪದ್ಧತಿ, ಹಾಗಾಗಿ ಅದು ಅಂಜಿನಮ್ಮನದೇ ಪನ್ನೀರಿನ ಬಾಟ್ಲು. ಒಳಗೆ ಮಾತ್ರ ಕಂದು ಬಣ್ಣದ ಔಷಧಿ. ಹೊರಗೆ ಕಾಗದದ ಪಟ್ಟಿ ಅಂಟಿಸಿ, ಒಂದೊಂದು ಹೊತ್ತಿಗೆ ಇಷ್ಟಿಷ್ಟು ಎಂದು ಕಚ್ಚು ಹಾಕಿದ್ದರು. ದಿನಕ್ಕೆ ನಾಲ್ಕು ಹೊತ್ತು ಕುಡಿಯಬೇಕು.

"ಸೂಜಿ ವಿಷಯ ಹೇಳಿದ್ರಾ?" ಎಂದು ಅಂಜಿನಮ್ಮ ಗಂಡನನ್ನು ಕೇಳಿದಳು.

"ಹೇಳ್ದೆ ಕಣೇ. ಎರಡೂ ನಡೀಲಿ ಅಂದ್ರು."

ಅದು ಹಸೀ ಸುಳ್ಳು. ಗೋಪಾಲಪ್ಪ ಹೇಳಿರಲಿಲ್ಲ, ಹೊರಗೆ ಗಾಡಿಯ ಹತ್ತಿರವೇ ನಿಂತಿದ್ದ ಪಿಳ್ಳಣ್ಣನಿಗೆ ಅದು ಗೊತ್ತೂ ಇರಲಿಲ್ಲ. ಹೇಳದಿರಲು ಅವನಿಗೊಂದು ಕಾರಣವಿತ್ತು, ಆ ಕಡೆಯ ಎಷ್ಟೋ ಮನೆಗಳಲ್ಲಿ ಇರುವ ಕಾರಣ. ಹುಡುಗನಾಗಿದ್ದಾಗ ಕಾಮಾಲೆ ಬಂದು, ಆವತಿಯ ಕಡೆಯ ಒಬ್ಬ ಪಂಡಿತರು ಬೇರು ಅರೆದು ಕೊಟ್ಟಿದ್ದರು. ಒಬ್ಬರ ಔಷಧಿಯ ಸುದ್ದಿಯನ್ನು ಇನ್ನೊಬ್ಬರ ಮುಂದೆ ಎತ್ತಿದರೆ ಇಬ್ಬರ ಕೈಗುಣವೂ ಕೆಡುತ್ತದೆ ಎಂದು ಆಗ ಅವನ ತಾಯಿ ಆಣೆ ಹಾಕಿಸಿದ್ದಳು. ಕಾಮಾಲೆ ವಾಸಿಯಾಯಿತು, ಆ ಮಾತು ಮಾತ್ರ ಅವನ ತಲೆಯಲ್ಲಿ ಕೂತುಬಿಟ್ಟಿತು. ಬೆಂಗಳೂರಿನ ಸೂಜಿಗೂ ಕೈಗುಣ, ಊರ ಡಾಕ್ಟರ ಬಾಟ್ಲಿಗೂ ಕೈಗುಣ. ಎರಡನ್ನೂ ಕಾಪಾಡಲು ಅವನು ಬಾಯಿ ಮುಚ್ಚಿಕೊಂಡ. ಹೋಗಲಿ, ಆ ಡಾಕ್ಟರಾದರೂ "ಬೇರೆ ಏನಾದರೂ ಔಷಧಿ ತಗೊಳ್ತಿದ್ದೀಯಾ?" ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮಂಡಿ ನೋಡಿದರು, ಚೀಟಿ ಗೀಚಿದರು, ಮುಂದಿನವರನ್ನು ಕರೆದರು.

ಮಂಡಿಯ ಊತ ಎರಡೇ ದಿನಕ್ಕೆ ಇಳಿಯಿತು. ಗೋಪಾಲಪ್ಪ ಹಿಗ್ಗಿಹೋದ. "ಕಿವೀಲಿ ಜೀರುಂಡೆ ಕೂಗ್ದಂಗೆ ಗುಂಯ್ ಅಂತೈತೆ, ಅಷ್ಟೇ" ಎಂದು ಚರಕಕ್ಕೆ ಕೂತ. ಆದರೆ ಆ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಅಂಜಿನಮ್ಮನ ನೂಲು ಕಡಿಯಿತು. ಕೂಡಿಸಿದಳು. ಮತ್ತೆ ಕಡಿಯಿತು. ಗೂಡಿನಲ್ಲಿ ದೋಷವಿರಲಿಲ್ಲ. ತಲೆ ಎತ್ತಿ ನೋಡಿದರೆ ಚರಕ ಒಮ್ಮೆ ಓಡುತ್ತಿದೆ, ಒಮ್ಮೆ ತಡೆಯುತ್ತಿದೆ. ಗಂಡನ ಕೈ ನಡುಗುತ್ತಿದೆ, ಹಣೆಯ ಮೇಲೆ ಬೆವರು. ಎದ್ದು ಹೋಗಿ ಒಂದು ಚೂರು ಬೆಲ್ಲ ಬಾಯಿಗಿಟ್ಟಳು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಮಾರನೆಯ ದಿನ ಅದೇ ಹೊತ್ತಿಗೆ ಅದೇ ಪಾಡು. ಒಂದು ವರ್ಷದಿಂದ ಇಲ್ಲದ್ದು ಬಾಟ್ಲು ಬಂದ ಮೇಲೆ ಬಂತು ಎಂಬುದು ಅವಳಿಗೆ ಹೊಳೆಯಿತು. ನೂಲು ಕಡಿದರೆ ಎಲ್ಲಿಂದ ಕೆಟ್ಟಿತು ಎಂದು ಹಿಂದಕ್ಕೆ ಹುಡುಕುವುದು ಅವಳ ಕಸುಬು.

"ಭಾವ, ಎರಡು ಗೆರೆ ಕಮ್ಮಿ ಮಾಡ್ಬೇಕು ಅನ್ನಿಸ್ತೈತೆ. ಡಾಕ್ಟ್ರನ್ನ ಒಂದ್ಮಾತು ಕೇಳ್ಕೊಂಡು ಬರ್ತೀರಾ?" ಎಂದು ಬಾಗಿಲ ಮರೆಯಿಂದ ಪಿಳ್ಳಣ್ಣನನ್ನು ಕೇಳಿದಳು.

"ಓದಿದೋರು ಕೊಟ್ಟಿರೋದನ್ನ ನೀನು ತಿದ್ದೀಯೇನಮ್ಮಾ? ಮಂಡಿ ಇಳ್ದೈತೆ, ಇನ್ನೇನು ಬೇಕು?" ಎಂದು ಪಿಳ್ಳಣ್ಣ ಹೊಲದ ಕಡೆ ಹೋದ.

ಅವಳೇ ಹೋದಳು. ಬಾಣಲೆ ಇಳಿಸಿ, ಸೆರಗು ಹೊದ್ದು, ಡಾಕ್ಟರ ಶಾಪಿನ ಮೆಟ್ಟಿಲ ಕೆಳಗೆ ಒಂದು ತಾಸು ನಿಂತಳು. ಕಾಂಪೌಂಡರು ಮುನಿಶಾಮಪ್ಪ ಹೊರಗೆ ಬಂದು ಏನೆಂದು ಕೇಳಿದ.

"ನಮ್ಮೋರಿಗೆ ಸಕ್ಕರೆ ಕಾಯಿಲೆ ಸ್ವಾಮಿ. ದಿನಾ ಇನ್ಸುಲಿನ್ ಸೂಜಿ ಹಾಕ್ತೀನಿ. ನಿಮ್ಮ ಔಷಧಿ ಕುಡಿಯೋಕೆ ಶುರು ಮಾಡಿದಾಗಿನಿಂದ ಬೆವರು, ನಡುಕ. ಸೂಜಿ ಕಮ್ಮಿ ಮಾಡ್ಬೇಕೋ, ಔಷಧಿ ನಿಲ್ಲಿಸ್ಬೇಕೋ, ಡಾಕ್ಟ್ರನ್ನ ಕೇಳಿ."

ಮುನಿಶಾಮಪ್ಪ ಅವಳ ಬೆಂದ ಬೆರಳುಗಳನ್ನು ನೋಡಿದ, ಗೂಡಿನ ವಾಸನೆ ಹೊಡೆಯುತ್ತಿದ್ದ ಸೀರೆಯನ್ನು ನೋಡಿದ, ನಕ್ಕ. "ನೀನು ಸೂಜಿ ಹಾಕ್ತೀಯಾ? ನಾನು ಅದನ್ನ ಕಲಿಯೋಕೆ ಮೂರು ವರ್ಷ ಬೇಕಾಯ್ತು ಕಣಮ್ಮ. ಹೋಗು, ಬಾಟ್ಲು ಪೂರ್ತಿ ಮುಗಿಸ್ಬೇಕಂತೆ."

ಒಳಗೆ ಹೋಗಿ ಕೇಳಿ ಬಂದು ಹೇಳಿದ ಮಾತೇ ಅದು? ಅಲ್ಲ. ಅವನು ನಿಂತಲ್ಲಿಂದ ಕದಲಲೂ ಇಲ್ಲ. ಅವಳು ನುಗ್ಗಿಹೋಗಿ ಕೇಳಬಹುದಿತ್ತು. ನುಗ್ಗಲಿಲ್ಲ ಎಂಬ ಸಿಟ್ಟು ಅವಳಿಗೆ ಈಗಲೂ ತನ್ನ ಮೇಲೇ ಇದೆ. ಆದರೆ ಗಂಡ ಮೊದಲೇ "ಎರಡೂ ನಡೀಲಿ ಅಂದ್ರು" ಎಂದಿದ್ದನಲ್ಲ. ಡಾಕ್ಟರಿಗೆ ಗೊತ್ತಿದೆ ಎಂದೇ ಅವಳು ನಂಬಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಎಂಟು ಗೆರೆ ಹಾಕಿದಳು. ಆ ಔಷಧಿಯಿಂದ ಗೋಪಾಲಪ್ಪನಿಗೆ ಹೊಟ್ಟೆ ತೊಳಸುತ್ತಿತ್ತು, ಅರ್ಧ ಮುದ್ದೆ ತಿಂದು ಎದ್ದ. ಇನ್ನು ನಾಲ್ಕು ತುತ್ತು ತಿನ್ನಿ ಎಂದು ಅವಳು ಅಂಗಲಾಚಿದರೂ ಕೇಳಲಿಲ್ಲ. ಒಂದು ತಾಸು ಕಳೆದಿರಬೇಕು, ಚರಕ ನಿಂತಿತು. ಗೋಪಾಲಪ್ಪ ಎದ್ದು ತೊದಲುತ್ತಾ ಏನೇನೋ ಬೈಯತೊಡಗಿದ, ಗೂಡಿನ ಬುಟ್ಟಿಯನ್ನು ಒದ್ದ, ಗೋಡೆಗೆ ಜಾರಿ ಕುಸಿದ. ಮೈಯೆಲ್ಲ ಬೆವರಿನಿಂದ ತೊಯ್ದು ಹೋಗಿತ್ತು. ಸದ್ದಿಗೆ ಜನ ಓಡಿ ಬಂದರು. ಕುಡಿದಿದ್ದಾನೆ ಎಂದರು ಕೆಲವರು, ಗಾಳಿ ಮೆಟ್ಟಿಕೊಂಡಿದೆ ಎಂದರು ಕೆಲವರು.

ಅಂಜಿನಮ್ಮ ಅಷ್ಟರಲ್ಲಿ ಬೆಲ್ಲವನ್ನು ನೀರಲ್ಲಿ ಹಿಸುಕಿ ತಂದಿದ್ದಳು. ಗಂಡನ ತಲೆ ಎತ್ತಿ ಬಾಯಿಗೆ ಹಿಡಿಯಬೇಕು, ಪಿಳ್ಳಣ್ಣ ಹಿಂದಿನಿಂದ ಬಂದು ಅವಳ ಮಣಿಕಟ್ಟು ಹಿಡಿದ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳ ಎದುರಿಗೆ ಬಂದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ ಭಾವ, ಊರ ಜನರ ಮುಂದೆ ಅವಳ ಕೈ ಹಿಡಿದ.

"ಸಕ್ಕರೆ ಕಾಯಿಲೆಯೋನಿಗೆ ಬೆಲ್ಲ ಕೊಡ್ತೀಯಾ? ಕೊಂದ್ಬಿಡ್ತೀಯಾ ನನ್ನ ತಮ್ಮನ್ನ?"

"ಕೈ ಬಿಡಿ ಭಾವ. ಸಕ್ಕರೆ ಇಳಿದೋಗೈತೆ. ಹೊತ್ತಿಲ್ಲ, ಬಿಡಿ!"

ಅವನು ಬಿಡಲಿಲ್ಲ. ಇನ್ನಿಬ್ಬರು ಬೆಲ್ಲದ ಲೋಟ ಕಸಿದುಕೊಳ್ಳಲು ಬಂದರು. ಅಂಜಿನಮ್ಮ ಬಗ್ಗಿ ಭಾವನ ಕೈಯನ್ನು ಕಚ್ಚಿದಳು. ರಕ್ತ ಬರುವಂತೆ ಕಚ್ಚಿದಳು. ಅವನು ಕಿರುಚಿ ಹಿಡಿತ ಬಿಟ್ಟ. ಲೋಟದ ಬುಡದಲ್ಲಿ ಉಳಿದಿದ್ದ ಬೆಲ್ಲದ ಮುದ್ದೆಯನ್ನು ಬೆರಳಿಂದ ಗಂಡನ ಕೆನ್ನೆಯ ಒಳಗೆ ತಿಕ್ಕಿದಳು, ಮತ್ತೆ ತಿಕ್ಕಿದಳು. ಅವನ ಗಂಟಲು ಆಡಿದ ಮೇಲೆ ಉಳಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಕಾಲು ಗಂಟೆ ಕಳೆಯುವ ಹೊತ್ತಿಗೆ ಗೋಪಾಲಪ್ಪ ಕಣ್ಣು ಬಿಟ್ಟು, "ಯಾಕಿಷ್ಟು ಜನ?" ಎಂದ.

ಸತ್ತೇಹೋದ ಎಂದುಕೊಂಡಿದ್ದವನನ್ನು ಎಬ್ಬಿಸಿದವಳಿಗೆ ಆಗ ಸಿಕ್ಕ ಬಹುಮಾನ ನೋಡಿ. ಯಾರೋ ಓಡಿಹೋಗಿ ಡಾಕ್ಟರನ್ನು ಕರೆತಂದರು. ಡಾಕ್ಟರು ನಾಡಿ ಹಿಡಿದು ನೋಡಿದರು. ಮರಳಿನ ಮಡಕೆ, ಸಿರಿಂಜು ಕಂಡು ಹೌಹಾರಿದರು. ಆಗಲೇ ಅವರಿಗೆ ಇನ್ಸುಲಿನ್ ವಿಷಯ ತಿಳಿದದ್ದು.

"ಯಾರು ಹಾಕೋದು ಇದನ್ನ?"

"ನಾನು" ಎಂದಳು ಅಂಜಿನಮ್ಮ.

"ಓದು ಬರುತ್ತಾ?"

"ಇಲ್ಲ. ಗೆರೆ ಎಣಿಸ್ತೀನಿ."

ಡಾಕ್ಟರು ಜನರ ಕಡೆ ತಿರುಗಿದರು. "ನೋಡಿದಿರಾ? ಲೆಕ್ಕ ತಪ್ಪಿ ಹೆಚ್ಚು ಹಾಕಿದ್ದಾಳೆ. ಇಂಥವರ ಕೈಗೆ ಸೂಜಿ ಕೊಟ್ಟವರಿಗೆ ಬುದ್ಧಿ ಇಲ್ಲ. ಇನ್ನು ಮೇಲೆ ನಮ್ಮ ಕಾಂಪೌಂಡರು ಬಂದು ಹಾಕುತ್ತಾರೆ." ಪಿಳ್ಳಣ್ಣ ಕಚ್ಚಿದ ಕೈಗೆ ಬಟ್ಟೆ ಸುತ್ತಿಕೊಂಡೇ ಸಿರಿಂಜಿನ ಡಬ್ಬಿಯನ್ನು ಎತ್ತಿಕೊಂಡ.

"ಎಂಟೇ ಗೆರೆ ಹಾಕಿದ್ದು" ಎಂದಳು ಅಂಜಿನಮ್ಮ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವಳು ಚಾಪೆಯ ಮೇಲಿದ್ದ ಗಂಡನನ್ನು ನೋಡಿದಳು. "ಸೂಜಿ ವಿಷಯ ಇವರಿಗೆ ಹೇಳಿದ್ರಿ ತಾನೆ? ಹೇಳಿ, ಎಲ್ಲರ ಮುಂದೆ."

ಗೋಪಾಲಪ್ಪ ಕಣ್ಣು ಮುಚ್ಚಿಕೊಂಡ. ಜೀವ ಬಂದು ಇನ್ನೂ ಅರ್ಧ ಗಂಟೆಯಾಗಿಲ್ಲ, ಆ ಜೀವ ಕೊಟ್ಟವಳ ಪರವಾಗಿ ಒಂದು ಮಾತಾಡಲು ಅವನಿಗೆ ನಾಲಿಗೆ ಹೊರಳಲಿಲ್ಲ.

ಹೊರಡುವ ಮುನ್ನ ಡಾಕ್ಟರು ಔಷಧಿಯ ಬಾಟ್ಲನ್ನು ಎತ್ತಿ ಬೆಳಕಿಗೆ ಹಿಡಿದರು. ಅವರ ಮುಖ ಸ್ವಲ್ಪ ಬದಲಾಯಿತು. "ಇದು ಇನ್ನು ಬೇಡ" ಎಂದು ಮೆಲ್ಲಗೆ ಹೇಳಿ ಚೀಲದೊಳಗೆ ಇಡಲು ಹೋದರು. ಅದನ್ನು ಕಂಡವಳು ಅಂಜಿನಮ್ಮ ಒಬ್ಬಳೇ.

"ಬಾಟ್ಲು ನಮ್ಮನೇದು ಸ್ವಾಮಿ" ಎಂದು ಕೈ ಚಾಚಿದಳು. ಊರವರ ಮುಂದೆ ಬಾಟ್ಲಿಗಾಗಿ ಹೆಂಗಸಿನ ಜೊತೆ ಜಗ್ಗಾಡಲಾದೀತೆ? ಕೊಟ್ಟು ಹೋದರು.

ಜನ ಕರಗಿದ ಮೇಲೆ ಗೋಪಾಲಪ್ಪ ಬಾಯಿಬಿಟ್ಟ. "ಹೇಳ್ಲಿಲ್ಲ ಕಣೇ. ಕೈಗುಣ ಕೆಡ್ತದೆ ಅಂತ."

ಅಂಜಿನಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಈ ಮಾತನ್ನ ಅವರ ಮುಂದೆ ಆಡ್ಬೇಕಿತ್ತು. ನನ್ನ ಮುಂದೆ ಆಡಿ ಏನು ಬಂತು?" ಎಂದಳು. ಆ ಸಂಜೆ ಕಾಂಪೌಂಡರು ಸೂಜಿ ಹಾಕಲು ಬಂದದ್ದು ಗೋಪಾಲಪ್ಪ ಉಂಡು ಕೈ ತೊಳೆದು ಬಹಳ ಹೊತ್ತಾದ ಮೇಲೆ.

ಮಾರನೆಯ ಬೆಳಿಗ್ಗೆ, ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿದಳು. ಏರು ಬಂದಾಗಲೆಲ್ಲ ಅದು ಕೆಮ್ಮುತ್ತ ನಿಲ್ಲುತ್ತಿತ್ತು, ಗಂಡಸರು ಇಳಿದು ತಳ್ಳುತ್ತಿದ್ದರು. ಮಡಿಲಲ್ಲಿ ಬಟ್ಟೆ ಸುತ್ತಿದ ಬಾಟ್ಲು. ಒಂಟಿಯಾಗಿ ಅವಳು ಬೆಂಗಳೂರಿಗೆ ಹೋದದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ನರ್ಸಮ್ಮ ಗುರುತು ಹಿಡಿದು ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ನಡೆದದ್ದನ್ನೆಲ್ಲ ಅವಳಿಂದ ಕೇಳಿ, ಬಾಟ್ಲಿನ ಬಿರಡೆ ತೆಗೆದು ಮೂಸಿದರು, ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡರು. "ಕಿವಿಯಲ್ಲಿ ಗುಂಯ್ ಅನ್ನುತ್ತದೆ ಅಂತಿದ್ದನಾ?" ಎಂದರು.

"ಹೌದು ಸ್ವಾಮಿ. ಜೀರುಂಡೆ ಕೂಗ್ದಂಗೆ ಅಂತಿದ್ರು."

"ಇದು ಸ್ಯಾಲಿಸಿಲೇಟ್. ಕೀಲುನೋವಿಗೆ ಒಳ್ಳೆಯದೇ. ಆದರೆ ಇಷ್ಟು ಜಾಸ್ತಿ ಕುಡಿದರೆ ಇದೂ ಸಕ್ಕರೆ ಇಳಿಸುತ್ತದೆ. ಇನ್ಸುಲಿನ್ ಇಳಿಸುತ್ತಿದೆ, ಮೇಲೆ ಇದೂ ಇಳಿಸಿತು. ಅದರ ಜೊತೆ ಅರ್ಧ ಊಟ. ಇದನ್ನು ಕೊಡುವಾಗ ಕಣ್ಣಿಟ್ಟು ನೋಡಿಕೊಂಡು ಇನ್ಸುಲಿನ್ ಕಡಿಮೆ ಮಾಡಬೇಕಿತ್ತು." ಆಮೇಲೆ, "ಎರಡು ಗೆರೆ ಕಡಿಮೆ ಮಾಡೋಣ ಎಂದು ನಿನಗೆ ಅನ್ನಿಸಿತ್ತು ಎಂದೆಯಲ್ಲ, ಸರಿಯಾಗಿಯೇ ಅನ್ನಿಸಿದೆ" ಎಂದರು.

ಅಷ್ಟು ದಿನ ಅಳದಿದ್ದವಳು ಅಲ್ಲಿ ಅತ್ತಳು. ಅತ್ತು, ಮುಖ ಒರೆಸಿಕೊಂಡು, "ಇದನ್ನ ಕನ್ನಡದಲ್ಲಿ ಬರ್ಕೊಡಿ" ಎಂದಳು.

ಊರಿಗೆ ಬಂದವಳೇ ಚೀಟಿಯನ್ನು ಪಿಳ್ಳಣ್ಣನ ಮುಂದೆ ಇಟ್ಟಳು. ಕೊಟ್ಟಿಗೆಯಲ್ಲಿ ನೂಲು ಬಿಚ್ಚುವ ಹೆಂಗಸರೆಲ್ಲ ಇದ್ದರು. "ಜೋರಾಗಿ ಓದಿ ಭಾವ. ಬೈದದ್ದೂ ಜೋರಾಗಿಯೇ ತಾನೆ?"

ಪಿಳ್ಳಣ್ಣ ಓದಿದ. 'ಸೂಜಿಯನ್ನು ಸರಿಯಾದ ಪ್ರಮಾಣದಲ್ಲಿಯೇ ಹಾಕಲಾಗಿದೆ. ಜೊತೆಗೆ ಕೊಟ್ಟ ಔಷಧಿಯಿಂದ ಅಪಾಯವಾಗಿದೆ. ಈಕೆ ಬೆಲ್ಲ ಕೊಡದಿದ್ದರೆ ರೋಗಿ ಉಳಿಯುತ್ತಿರಲಿಲ್ಲ. ಸೂಜಿ ಹಾಕುವುದನ್ನು ಈಕೆಯೇ ಮುಂದುವರಿಸಬೇಕು.' ಕೊನೆಗೆ ಬರುವ ಹೊತ್ತಿಗೆ ಅವನ ದನಿ ಇಳಿದಿತ್ತು. ಒಳಗೆ ಹೋಗಿ ಡಬ್ಬಿ ತಂದು, ಅವಳ ಕೈಗೆ ಕೊಡದೆ, ಮರಳಿನ ಮಡಕೆಯ ಪಕ್ಕದಲ್ಲಿಟ್ಟು ಹೋದ. ಕೈಯಲ್ಲಿನ್ನೂ ಹಲ್ಲಿನ ಗುರುತು.

ಊರಿಗೆ ಮಾತ್ರ ಆ ಚೀಟಿ ತಲುಪಲಿಲ್ಲ. ಡಾಕ್ಟರು ತಾವು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಊರಲ್ಲಿ ಮೊದಲು ಕೇಳಿದ್ದೇ ನಿಂತುಬಿಡುತ್ತದೆ. ಅಂಜಿನಮ್ಮ ಊರಿನ ಮಾತನ್ನು ಬಿಟ್ಟು ಗಂಡನನ್ನು ಹಿಡಿದಳು. ದಿನಾ ಬೆಳಿಗ್ಗೆ ಸೂಜಿ ಕೈಯಲ್ಲಿ ಹಿಡಿದು, "ನಿನ್ನೆಯಿಂದ ಏನೇನು ನುಂಗಿದ್ದೀರಿ?" ಎಂದು ಕೇಳುತ್ತಿದ್ದಳು. ಕಷಾಯವೋ, ಪುಡಿಯೋ, ತಾಯಿತ ಅದ್ದಿದ ನೀರೋ, ಎಲ್ಲವನ್ನೂ ಅವನು ಒಪ್ಪಿಸಿದ ಮೇಲೆಯೇ ಚುಚ್ಚುತ್ತಿದ್ದಳು.

ಮಾಘದಲ್ಲಿ ಗೋಪಾಲಪ್ಪನಿಗೆ ಕೆಮ್ಮು ಹಿಡಿಯಿತು. ಅವಳು ಅವನನ್ನು ಅದೇ ಡಾಕ್ಟರ ಶಾಪಿಗೆ ಕರೆದುಕೊಂಡು ಹೋದಳು, ಅದೂ ಸಂತೆಯ ದಿನ, ಜಗಲಿಯ ತುಂಬ ಜನ ಇರುವಾಗ. ಈ ಸಲ ಮೆಟ್ಟಿಲ ಕೆಳಗೆ ನಿಲ್ಲಲಿಲ್ಲ. ಮುನಿಶಾಮಪ್ಪ ಅಡ್ಡ ಬಂದ, ಅವಳ ಮುಖ ನೋಡಿ ದಾರಿ ಬಿಟ್ಟ. ಡಾಕ್ಟರು ಚೀಟಿಗೆ ಕೈ ಹಾಕಿದರು. ಅಂಜಿನಮ್ಮ ಗಂಡನ ಕಡೆ ನೋಡಿದಳು.

ಗೋಪಾಲಪ್ಪ ಎರಡು ಸಲ ಕೆಮ್ಮಿದ. ಆಮೇಲೆ ಜಗಲಿಗೆಲ್ಲ ಕೇಳುವಂತೆ ಹೇಳಿದ. "ನಂಗೆ ಸಕ್ಕರೆ ಕಾಯಿಲೆ ಐತೆ. ದಿನಾ ನನ್ನ ಹೆಂಡ್ತಿ ಇನ್ಸುಲಿನ್ ಹಾಕ್ತಾಳೆ. ಆವತ್ತು ಈ ವಿಷಯ ನಿಮಗೆ ಹೇಳದೆ ಮುಚ್ಚಿಟ್ಟೋನು ನಾನು. ನೀವೂ ಕೇಳ್ಲಿಲ್ಲ. ಅವಳು ಹಾಕಿದ್ದು ಎಂಟೇ ಗೆರೆ."

ಡಾಕ್ಟರು ತಲೆ ಎತ್ತಲಿಲ್ಲ. ಚೀಟಿಯ ಮೇಲೆ ಏನೋ ಬರೆದು ಮಡಿಚಲು ಹೋದರು.

"ಏನು ಬರ್ಕೊಂಡ್ರಿ ಸ್ವಾಮಿ?" ಎಂದಳು ಅಂಜಿನಮ್ಮ. "ನನಗೆ ಓದು ಬರಲ್ಲ, ನಿಮಗೇ ಗೊತ್ತಲ್ಲ. ಓದಿ ಹೇಳಿ."

ಡಾಕ್ಟರು ಮುನಿಶಾಮಪ್ಪನ ಕಡೆ ನೋಡಿದರು, ಜಗಲಿಯ ಕಡೆ ನೋಡಿದರು. ಅವಳು ಕದಲಲಿಲ್ಲ. ಕೊನೆಗೆ ಅವರು ಚೀಟಿಯನ್ನು ಬಿಚ್ಚಿ ಓದಿದರು.

"ಇನ್ಸುಲಿನ್. ಬೆಳಿಗ್ಗೆ ಎಂಟು, ಸಂಜೆ ಐದು. ಹಾಕುವವರು, ಹೆಂಡತಿ ಅಂಜಿನಮ್ಮ."